ಬಣ್ಣ ಹಚ್ಚಿದ ಇಲಿ

ಚಪ್ಪಾಳೆ ತಟ್ಟಿದ್ದು ಯಾರೆಂದು ಮಿಸಾವೊ ತಿರುಗಿ ನೋಡಲಿಲ್ಲ. ನೋಡಿದ್ದರೆ ಅವರ ಮುಖಕ್ಕೆ ಉಗಿದುಬಿಡುತ್ತಿದ್ದಳು. ಶಿಬೆನಾಯ್‌ನಂಥ ಸಣ್ಣ ಊರಿನಲ್ಲಿ ಒಬ್ಬರ ಮುಖಕ್ಕೆ ಉಗಿದು, ಮರುದಿನ ಅವರ ಮನೆಯ ಮುಂದಿನ ರಸ್ತೆಯ ಹಿಮ ತಳ್ಳುವುದು ಕಷ್ಟ.

ಮುಚ್ಚಿಹೋದ ಪ್ರಾಥಮಿಕ ಶಾಲೆಯ ಹಿಂದೆ, ಬೀಟ್ ಗಡ್ಡೆಯ ಹೊಲಗಳಿಗೆ ಗಾಳಿ ತಡೆಯಲೆಂದು ಬೆಳೆಸಿದ ಮರಗಳ ಸಾಲಿನ ಎದುರು ಇಪ್ಪತ್ತೆಂಟು ಟ್ರೈಪಾಡುಗಳು ಹಿಮದಲ್ಲಿ ಕಾಲೂರಿ ನಿಂತಿದ್ದವು. ಮಿಸಾವೊ ಎರಡು ಸಲ ಎಣಿಸಿದ್ದಳು. ಎಲ್ಲ ಲೆನ್ಸುಗಳೂ ಒಂದೇ ಮುದಿ ಎಲ್ಮ್ ಮರದ ಒಂದೇ ಪೊಟರೆಯತ್ತ ತಿರುಗಿದ್ದವು. ಪೊಟರೆಯಲ್ಲಿ ಎರಡು ಗೂಬೆಗಳು ಮೈಗೆ ಮೈ ಒತ್ತಿಕೊಂಡು ನಿದ್ದೆ ಮಾಡುತ್ತಿದ್ದವು. ಗೂಬೆ ಹಗಲು ಹೊತ್ತಿನಲ್ಲಿ ಮಲಗುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಆದರೆ ಮಲಗಿದ ಗೂಬೆಯ ಫೋಟೋವನ್ನು ಪ್ರದರ್ಶನದಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಅಗಲಕ್ಕೆ ತೆರೆದ ಎರಡು ಕಪ್ಪು ಕಣ್ಣುಗಳು ಬೇಕು. ಅದಕ್ಕಾಗಿ ಒಬ್ಬ ಚಪ್ಪಾಳೆ ತಟ್ಟುತ್ತಾನೆ, ಇನ್ನೊಬ್ಬ ಫೋನಿನಲ್ಲಿ ಗೂಬೆಯ ಕೂಗು ಹಾಕುತ್ತಾನೆ, ಮತ್ತೊಬ್ಬಳು ಹಿಮದ ಉಂಡೆ ಕಟ್ಟಿ ಕಾಂಡಕ್ಕೆ ಎಸೆದು ಆಮೇಲೆ ಏನೂ ಅರಿಯದವಳ ಹಾಗೆ ಕೈಗವಸು ಕೊಡವಿಕೊಳ್ಳುತ್ತಾಳೆ. ಎಲ್ಲರೂ ಐವತ್ತು ದಾಟಿದವರು, ಮನೆಯಲ್ಲಿ ಮೊಮ್ಮಕ್ಕಳಿರುವವರು.

ಮಿಸಾವೊಗೆ ಹೇಸಿಗೆಯಾಗುತ್ತಿತ್ತು. ಅವರನ್ನು ಕಂಡು ಅರ್ಧ, ತನ್ನನ್ನು ನೆನೆದು ಅರ್ಧ. ಈ ಜಾಗ ಇವರಿಗೆ ಗೊತ್ತಾದದ್ದು ಅವಳ ಬಾಯಿಂದಲೇ.

ಅರವತ್ತೊಂದರ ಮಿಸಾವೊ ಊರಿನ ಹಿಮ ತಳ್ಳುವ ಗಾಡಿ ಓಡಿಸುವವಳು. ಊರು ಏಳುವ ಮೊದಲೇ ರಸ್ತೆಗಳನ್ನೆಲ್ಲ ತೆರವು ಮಾಡಿ, ಶಾಲೆಯ ಹಿಂದೆ ಗಾಡಿ ನಿಲ್ಲಿಸಿ, ಬಿಸಿ ಕಾಫಿಯ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ಕೂರುವುದು ಅವಳ ರೂಢಿ. ಹಾಗೆ ಕೂತಿದ್ದಾಗಲೇ ನಾಲ್ಕು ಚಳಿಗಾಲದ ಹಿಂದೆ ಈ ಜೋಡಿ ಕಣ್ಣಿಗೆ ಬಿದ್ದದ್ದು. ಅಂದಿನಿಂದ ಶಾಲೆಯ ಸೈಕಲ್ ನಿಲ್ದಾಣದ ಮಾಡಿನಡಿ ನಿಂತು, ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗದೆ, ದಿನಕ್ಕೆ ಕಾಲು ಗಂಟೆ ಫೋಟೋ ತೆಗೆಯುತ್ತಿದ್ದಳು. ಮುನ್ನೂರಕ್ಕೂ ಹೆಚ್ಚು ಫೋಟೋಗಳಿದ್ದವು. ಒಂದರಲ್ಲೂ ಗೂಬೆ ಕಣ್ಣು ಬಿಟ್ಟಿರಲಿಲ್ಲ, ಅವಳಿಗೆ ಅದು ಬೇಕೂ ಇರಲಿಲ್ಲ. ಸ್ವಂತ ಅಕ್ಕನಿಗೂ ಅವಳು ಜಾಗ ಹೇಳಿರಲಿಲ್ಲ.

ಹೇಳಿದ್ದು ಹೊಸವರ್ಷದ ಕೂಟದಲ್ಲಿ. ಅವಳೂ ಸೇರಿದ್ದ ಊರಿನ ಫೋಟೋ ಸಂಘವನ್ನು ಕಟ್ಟಿದವರು ಕಮೋದಾ ಮೇಷ್ಟ್ರು. ಎಪ್ಪತ್ತನಾಲ್ಕು ವರ್ಷ, ಊರಿನ ಅರ್ಧ ಜನಕ್ಕೆ ಜೀವಶಾಸ್ತ್ರ ಕಲಿಸಿದವರು, ಮಿಸಾವೊಗೂ ಕಲಿಸಿದವರು. ಕೂಟದಲ್ಲಿ ಕಿರಿಯರು ಎದ್ದುಹೋಗಿ ಹಿರಿಯರ ಬಟ್ಟಲಿಗೆ ಅಕ್ಕಿಯ ಮದ್ಯ ಸಕೆ ಸುರಿಯಬೇಕು, ಅದು ಪದ್ಧತಿ. ಅಂದು ಮೇಷ್ಟ್ರೇ ತಮ್ಮ ಜಾಗ ಬಿಟ್ಟೆದ್ದು, ಸಾಲಿನ ಬಾಲದಲ್ಲಿ ಕೂತಿದ್ದ ಮಿಸಾವೊಳ ಎದುರು ಬಂದು ಮಂಡಿಯೂರಿ, ಎರಡೂ ಕೈಯಲ್ಲಿ ಬುಂಡೆ ಹಿಡಿದು ಅವಳ ಬಟ್ಟಲು ತುಂಬಿಸಿದರು. ಇಡೀ ಕೋಣೆ ಆ ಕಡೆ ನೋಡಿತು. ಅವಳ ಕಿವಿ ಬೆಚ್ಚಗಾಯಿತು.

"ಹೋದ ವರ್ಷ ಪ್ರದರ್ಶನಕ್ಕೆ ಒಂದು ಗೂಬೆ ಫೋಟೋ ಇಟ್ಟಿದ್ರಲ್ಲಮ್ಮ, ನನಗೆ ನಿದ್ದೇನೇ ಬರ್ಲಿಲ್ಲ ಅದನ್ನ ನೋಡಿ," ಎಂದರು ಮೇಷ್ಟ್ರು. "ಎಲ್ಲಿರೋದು ಅವು?"

ಹಿರಿಯರು ಮಂಡಿಯೂರಿ ಸುರಿದ ಸಕೆಯನ್ನು ಕೈಯಲ್ಲಿ ಹಿಡಿದು 'ಹೇಳುವುದಿಲ್ಲ' ಅನ್ನುವ ಗಂಡೆದೆ ಶಿಬೆನಾಯ್‌ನಲ್ಲಿ ಯಾರಿಗೂ ಇಲ್ಲ. ಅವಳು ಹೇಳಿದಳು. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. "ನಮ್ಮಿಬ್ಬರಲ್ಲೇ ಇರ್ಲಿ," ಎಂದು ಮೇಷ್ಟ್ರು ಅವಳ ಬಟ್ಟಲನ್ನು ಮತ್ತೆ ತುಂಬಿಸಿದರು.

ಮೂರನೆಯ ದಿನ ಗ್ಯಾಸ್ ಅಂಗಡಿಯ ತೊಕುಜಿ ಮರದ ಕೆಳಗೆ ನಿಂತಿದ್ದ. "ಮೇಷ್ಟ್ರು ನಂಗೊಬ್ಬಂಗೇ ಹೇಳಿದ್ದು ಅಕ್ಕಾ, ದೇವರಾಣೆ," ಎಂದು ಹಲ್ಲು ಕಿರಿದ. ಆಮೇಲೆ ಬಂದ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೇಳಿದ್ದೆಂದರು. ಜನವರಿ ಮುಗಿಯುವಷ್ಟರಲ್ಲಿ ಕುಶಿರೊ, ಒಬಿಹಿರೊ, ಸಪ್ಪೊರೊ ನಗರಗಳ ಕಡೆಯ ಕಾರುಗಳೆಲ್ಲ ಬಂದವು. ಒಂದು ಕಾರು ಜಾರಿ ಹೊಲದ ಚರಂಡಿಗೆ ಇಳಿದದ್ದಕ್ಕೆ ಮೇಷ್ಟ್ರು, "ನಿಮ್ಮ ಗಾಡೀಲಿ ಒಂದ್ಸಲ ಹಿಂಗೆ ತಳ್ಳಿಬಿಟ್ರೆ ನಾಲ್ಕು ಕಾರಿಗೆ ಜಾಗ ಆಗುತ್ತಮ್ಮ," ಎಂದರು. ಆಗಲೂ ಮಿಸಾವೊಳ ಬಾಯಲ್ಲಿ 'ಇಲ್ಲ' ಹುಟ್ಟಲಿಲ್ಲ. ನಾಲ್ಕು ಕಾರಿಗೆಂದು ಅವಳು ತಳ್ಳಿಕೊಟ್ಟ ಜಾಗದಲ್ಲಿ ಮರುದಿನ ಹನ್ನೊಂದು ಕಾರು ನಿಂತವು.

ಅಕ್ಕ ಫುಮಿ ಊರಿನಲ್ಲಿ ಸೋಬಾ ಶ್ಯಾವಿಗೆಯ ಅಂಗಡಿ ಇಟ್ಟಿದ್ದಳು. ಮಧ್ಯಾಹ್ನವಾದರೆ ಆ ಜನವೆಲ್ಲ ಅಲ್ಲಿಗೇ ನುಗ್ಗಿ, ಬಿಸಿ ಸಾರಿನ ಬಟ್ಟಲಿನ ಪಕ್ಕದಲ್ಲಿ ಕ್ಯಾಮೆರಾ ಇಟ್ಟುಕೊಂಡು, ಶ್ಯಾವಿಗೆ ಸೊರ್ರೆಂದು ಎಳೆಯುತ್ತ ಒಬ್ಬರ ಗೂಬೆಯನ್ನು ಇನ್ನೊಬ್ಬರಿಗೆ ತೋರಿಸುತ್ತಿದ್ದರು.

"ನಿನ್ನ ಗೂಬೆ ನೋಡಕ್ಕೆ ಬಂದೋರು ನನ್ನ ಕಕ್ಕಸು ಕಟ್ಟಿಕೊಳ್ಳೋ ಹಂಗೆ ಮಾಡಿ ಹೋದ್ರು ಕಣೇ," ಎಂದಳು ಫುಮಿ, ಅಡುಗೆಮನೆಯಲ್ಲಿ ಈರುಳ್ಳಿ ಸೊಪ್ಪು ಹೆಚ್ಚುತ್ತ. "ಮೂರು ಸಲ. ನಾಲ್ಕು ಮಾತು ಅಂದು ಓಡಿಸ್ಬಾರ್ದಾ?"

"ಯಾವ ಬಾಯಲ್ಲಿ ಅನ್ಲಿ? ಕರ್ಕೊಂಡು ಬಂದೋಳು ನಾನೇ."

"ಎರಡು ಬಟ್ಟಲು ಸಕೆಗೆ ಬಾಯಿ ಬಿಟ್ಯಲ್ಲೇ! ಚಿಕ್ಕೋಳಿದ್ದಾಗ ನಾನು ಎಷ್ಟು ಕಿವಿ ಹಿಂಡಿದ್ರೂ ಮಿಠಾಯಿ ಡಬ್ಬಿ ಎಲ್ಲಿಟ್ಟಿದೀನಿ ಅಂತ ಹೇಳ್ತಿರ್ಲಿಲ್ಲ ನೀನು."

ಮಿಸಾವೊ ಸುಮ್ಮನಿರಲೂ ಇಲ್ಲ. ಮರದ ಸುತ್ತ ಇಪ್ಪತ್ತು ಹೆಜ್ಜೆ ದೂರದಲ್ಲಿ ಹಗ್ಗ ಕಟ್ಟಿದಳು. ಅವರು ಒದ್ದೆ ಕೈಗವಸುಗಳನ್ನು ಒಣಗಲು ಅದರ ಮೇಲೆ ನೇತುಹಾಕಿದರು. 'ದಯವಿಟ್ಟು ಸದ್ದು ಮಾಡಬೇಡಿ' ಎಂದು ಹಲಗೆ ಬರೆದು ನಿಲ್ಲಿಸಿದಳು. ಸಪ್ಪೊರೊದ ಒಬ್ಬಳು ಹಲಗೆಯ ಪಕ್ಕ ನಿಂತು ತುಟಿಯ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಂಡಳು. ಪೊಟರೆಯ ಮುಂದೆ ಅಡ್ಡವಾಗಿದ್ದ ಕೊಂಬೆಗಳು ಒಂದು ಬೆಳಿಗ್ಗೆ ಇರಲಿಲ್ಲ. ಕತ್ತರಿಸಿದ ಜಾಗ ಹಸಿಯಾಗಿ ಬೆಳ್ಳಗೆ ಕಾಣುತ್ತಿತ್ತು. ಯಾರು ಕತ್ತರಿಸಿದ್ದೆಂದು ಕೇಳಿದರೆ ಗಾಳಿಗೆ ಮುರಿದಿರಬೇಕು ಎಂದರು, ಅಷ್ಟೂ ಜನ, ಒಂದೇ ದನಿಯಲ್ಲಿ. ಮರಗಳ ಸಾಲಿನ ಹಿಂಬದಿಯ ಹಿಮವೆಲ್ಲ ಅವರ ಉಚ್ಚೆಯಿಂದ ಹಳದಿಯಾಗಿತ್ತು.

ಅದಕ್ಕಿಂತ ದೊಡ್ಡ ಹಾನಿ ಅವರ ಬೂಟುಗಳಡಿಯಲ್ಲಿ ನಡೆದಿತ್ತು. ಮೆತ್ತನೆಯ ಹಿಮದ ಕೆಳಗೆ ಹೊಲದಿಲಿಗಳು ಸುರಂಗ ಮಾಡಿಕೊಂಡು ಚಳಿಗಾಲ ಕಳೆಯುತ್ತವೆ. ಅವುಗಳ ಸದ್ದು ಕೇಳಿ ಗೂಬೆ ಮೇಲಿಂದ ಕಾಲು ಚಾಚಿ ಹಿಮದೊಳಗೆ ಧುಮುಕುತ್ತದೆ. ಈಗ ಶಾಲೆಯ ಗೋಡೆಯಿಂದ ಹೊಲದ ಅಂಚಿನವರೆಗೆ ಹಿಮವನ್ನು ತುಳಿದು ತುಳಿದು ಗಾರೆ ನೆಲ ಮಾಡಿಟ್ಟಿದ್ದರು. ಸುರಂಗಗಳು ಕುಸಿದಿದ್ದವು, ಇಲಿಗಳು ಸತ್ತವೋ ಓಡಿಹೋದವೋ ತಿಳಿಯದು. ಗಂಡು ಗೂಬೆ ಹಸಿವು ತಾಳಲಾರದೆ ನಡುಹಗಲಲ್ಲಿ ಹೊರಬಂದು ಬೇಲಿಯ ಕಂಬದ ಮೇಲೆ ಕೂರತೊಡಗಿತು.

"ನೋಡಿ, ನಮಗೆ ಒಗ್ಗಿಹೋಗ್ಬಿಟ್ಟಿದೆ!" ಎಂದು ಸಾಲಿನಲ್ಲಿ ಸಂಭ್ರಮವೋ ಸಂಭ್ರಮ.

ಇಷ್ಟರ ನಡುವೆ, ಫೆಬ್ರವರಿ ಎರಡನೆಯ ವಾರ, ಮಿಸಾವೊ ಕಾಂಡದ ಬುಡದ ಹಿಮದ ಮೇಲೆ ಮರದ ಪುಡಿ ಚೆಲ್ಲಿರುವುದನ್ನು ಕಂಡಳು. ಹೆಣ್ಣು ಗೂಬೆ ಪೊಟರೆಯ ತಳವನ್ನು ಕೆರೆದು ಹದ ಮಾಡುತ್ತಿತ್ತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಪ್ರತಿ ಸಲ ಚಳಿ ಕಳೆದೊಡನೆ ಅವು ಬೇರೆಲ್ಲಿಗೋ ಹೋಗಿಬಿಡುತ್ತಿದ್ದವು. ಈ ಸಲ ಇಲ್ಲೇ ಮೊಟ್ಟೆ ಇಡುವ ಮನಸ್ಸು ಮಾಡಿದ್ದವು. ಮಾರ್ಚ್ ಕೊನೆಗೆ ಇಡುತ್ತವೆ. ಮೊಟ್ಟೆಯ ಮೇಲೆ ಕೂತ ಹೆಣ್ಣು ಒಂದು ಸಲ ಬೆದರಿ ಎದ್ದುಹೋಗಿ ತಡವಾಗಿ ಬಂದರೂ ಸಾಕು, ಆ ಚಳಿಗೆ ಮೊಟ್ಟೆ ಕಲ್ಲಾಗುತ್ತದೆ. ಸಂತೋಷಪಡಬೇಕಾದವಳು ಆ ಮರದ ಪುಡಿಯನ್ನು ಬೂಟಿನಿಂದ ಹಿಮದಲ್ಲಿ ಮುಚ್ಚಿದಳು, ಯಾರೂ ನೋಡದಿರಲಿ ಎಂದು.

ಮೇಷ್ಟ್ರು ಆಗಲೇ ನೋಡಿದ್ದರು. ಜೀವಶಾಸ್ತ್ರದ ಮೇಷ್ಟ್ರಲ್ಲವೇ.

ಗುರುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಮಿಸಾವೊ ಬಂದಾಗ ತೊಕುಜಿಯ ಗ್ಯಾಸ್ ಅಂಗಡಿಯ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಲ್ಲಿ ನಾಲ್ಕು ಇಲಿ. ನಾಲ್ಕೂ ಬೆಳ್ಳಗಿದ್ದವು. ಐದನೆಯದನ್ನು ತೊಕುಜಿ ರಬ್ಬರ್ ಕೈಗವಸಿನಲ್ಲಿ ಹಿಡಿದು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದರ ಬೆನ್ನಿಗೆ ಏನನ್ನೋ ಬಳಿಯುತ್ತಿದ್ದ. ಘಾಟು ಮೂಗಿಗೆ ಹೊಡೆಯಿತು.

"ಏನೋ ಇದು?"

"ಹಾವು ಸಾಕೋರಿಗೆ ಅಂತ ಮಾರ್ತಾರಲ್ಲ ಅಕ್ಕಾ, ಆ ಇಲಿ. ಕುಶಿರೊದಿಂದ ತಂದೆ. ಬಿಳೀದು ಹಿಮದ ಮೇಲೆ ಕಾಣಲ್ಲ ನೋಡು. ಕಂಡ್ರೂ ಸಾಕಿದ ಇಲಿ ಅಂತ ಪ್ರದರ್ಶನದಲ್ಲಿ ಆಯ್ಕೆ ಮಾಡೋರು ಹಿಡಿದುಹಾಕ್ತಾರೆ. ಅದಕ್ಕೇ ಸ್ವಲ್ಪ ಕಂದು ಬಣ್ಣ."

"ಯಾವ ಬಣ್ಣ?"

ತೊಕುಜಿ ಟೋಪಿ ಸರಿಸಿ ತನ್ನ ತಲೆ ತೋರಿಸಿದ. "ನಂದೇ ತಲೆಬಣ್ಣದ ಡಬ್ಬಿ. ನಂಬರ್ ಐದು."

ಮಿಸಾವೊ ಅವನ ಕೂದಲನ್ನು ನೋಡಿದಳು, ಇಲಿಯ ಬೆನ್ನನ್ನು ನೋಡಿದಳು. ಎರಡೂ ಒಂದೇ ಬಣ್ಣ. ಒಂದು ಕ್ಷಣ ಅವಳಿಗೆ ನಗು ಬಂದದ್ದು ನಿಜ. ಇಲಿ ಒದ್ದೆ ಬೆನ್ನಿಗೆ ಚಳಿ ತಾಗಿ ಗಡಗಡ ನಡುಗುತ್ತ ತನ್ನ ಮೈಯನ್ನು ತಾನೇ ನೆಕ್ಕಲು ಹೋಯಿತು, ನೆಕ್ಕಿ ಬಾಯಿ ಕಿವುಚಿತು. ನಗು ಅಲ್ಲೇ ಸತ್ತಿತು.

ಕಮೋದಾ ಮೇಷ್ಟ್ರು ಪಕ್ಕದಲ್ಲಿ ಬಂದು ಬಗ್ಗಿ, ಕನ್ನಡಕ ಮೂಗಿನ ತುದಿಗಿಳಿಸಿ ಇಲಿಯನ್ನು ಪರೀಕ್ಷಿಸಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ತೊಕುಜಿಗೆ ಈಗ ಮಂಗಳಾರತಿಯಾಗುತ್ತದೆ ಎಂದುಕೊಂಡಳು ಮಿಸಾವೊ. ಸಂಘದ ನಿಯಮಗಳನ್ನು ಬರೆದವರೇ ಮೇಷ್ಟ್ರು. ಆಹಾರ ಹಾಕಬಾರದು, ಕೊಂಬೆ ಕಡಿಯಬಾರದು, ಹಕ್ಕಿಯನ್ನು ಎಬ್ಬಿಸಬಾರದು ಎಂದು ದಪ್ಪಕ್ಷರದಲ್ಲಿ ಬರೆದು ಸಂಘದ ಗೋಡೆಗೆ ಹಚ್ಚಿದ್ದರು.

"ಇಷ್ಟು ಹೊಳೀಬಾರ್ದು ತೊಕುಜಿ," ಎಂದರು ಮೇಷ್ಟ್ರು. "ಹೊಲದಿಲಿ ಬೆನ್ನು ಮಾಸಲಾಗಿರುತ್ತೆ. ಬೂದಿ ಸ್ವಲ್ಪ ಸವರು. ಹೊಟ್ಟೆಗೆ ಹಚ್ಬೇಡ."

"ಮೇಷ್ಟ್ರೇ, ನೀವೇ ನಿಯಮ ಬರೆದೋರು!"

"ನಿಯಮ ಹೊಸಬರಿಗಮ್ಮ. ಕಂಡಕಂಡೋರು ಕಂಡಕಂಡದ್ದು ಹಾಕ್ಬಾರ್ದು ಅಂತ. ನಾವು ತಿಳಿದು ಮಾಡ್ತೀವಿ. ಹಸಿದಿದೆ ಪಾಪ, ಉಣ್ಣಿಸಿದ್ರೆ ಪುಣ್ಯವೇ ತಾನೆ?"

"ಅದನ್ನ ಉಪವಾಸ ಕೆಡವಿದ್ದು ಯಾರು?"

"ನಾವು," ಎಂದರು ಮೇಷ್ಟ್ರು, ಸ್ವಲ್ಪವೂ ಮುಜುಗರವಿಲ್ಲದೆ. "ನೀವೂ ಸೇರಿ."

ಅಷ್ಟರಲ್ಲಿ ತೊಕುಜಿ ಇಲಿಯ ಹಿಂಗಾಲಿಗೆ ಮೀನು ಹಿಡಿಯುವ ತೆಳು ದಾರ ಕಟ್ಟಿ, ಹಿಮದಲ್ಲಿ ಊರಿದ ಮೊಳೆಗೆ ಅದರ ತುದಿ ಸುತ್ತಿ, ಕೈ ಒರೆಸಿಕೊಳ್ಳುತ್ತ ವಾಪಸಾದ. ದಾರವನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರಂತೆ. ಇಲಿ ಹಿಮ ತೋಡಿ ಒಳಗೆ ಅವಿತುಕೊಳ್ಳಲು ಹೆಣಗಿತು. ತುಳಿದ ಹಿಮ ಜಗ್ಗಲಿಲ್ಲ.

ಗಂಡು ಗೂಬೆ ಕಂಬದಿಂದ ನೇರ ಬಂತು. ಸದ್ದೇ ಇಲ್ಲ. ಅಗಲದ ರೆಕ್ಕೆ, ಮುಂದೆ ಚಾಚಿದ ಕಾಲು, ತೆರೆದ ಕಣ್ಣು, ಅವರಿಗೆ ಬೇಕಾದದ್ದೆಲ್ಲ ಇತ್ತು. ಅಷ್ಟೂ ಕ್ಯಾಮೆರಾಗಳು ಒಟ್ಟಿಗೆ ಕಟಕಟ ಎಂದವು. ಗೂಬೆ ಇಲಿಯನ್ನು ಎತ್ತಿತು, ದಾರ ಎಳೆದು ಮೊಳೆಯ ಬಳಿ ಕಿತ್ತಿತು, ಒಂದು ಗೇಣು ದಾರವನ್ನು ಇಳಿಬಿಟ್ಟುಕೊಂಡೇ ಅದು ಪೊಟರೆಗೆ ಹಾರಿತು. ತಾನು ತಿನ್ನಲಿಲ್ಲ. ಮೊಟ್ಟೆ ಇಡಲಿರುವ ಹೆಣ್ಣಿನ ಬಾಯಿಗೆ ಕೊಟ್ಟಿತು.

"ಹೆಂಡ್ತಿಗೆ ತಿನ್ನಿಸ್ತು! ಹೆಂಡ್ತಿಗೆ ತಿನ್ನಿಸ್ತು!" ಎಂದು ಸಪ್ಪೊರೊದವಳು ಪಕ್ಕದವನ ತೋಳು ಹಿಡಿದು ಕುಣಿದಳು. ಅವಳ ಕಣ್ಣಲ್ಲಿ ನೀರೂ ಬಂದಿತ್ತು.

ಹೆಣ್ಣು ತಲೆ ಹಿಂದಕ್ಕೆಳೆದು ಇಡೀ ಇಲಿಯನ್ನು ನುಂಗಿತು, ತಲೆಬಣ್ಣ ಸಮೇತ. ಕೊಕ್ಕಿನ ಅಂಚಿನಿಂದ ದಾರ ನೇತಾಡುತ್ತಿತ್ತು. ಇನ್ನೊಂದು ಸಲ ಗುಟುಕರಿಸಿತು, ಅದೂ ಒಳಗೆ ಹೋಯಿತು. ಮಿಸಾವೊ ಶಾಲೆಯ ಗೋಡೆಯ ಮರೆಗೆ ಹೋಗಿ ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡಳು.

ಬಾಯಿ ಒರೆಸಿಕೊಂಡು ಬಂದಾಗ ಮೇಷ್ಟ್ರು ಒಬ್ಬರೇ ಕುರ್ಚಿಯಲ್ಲಿ ಕೂತು ತಮ್ಮ ಫೋಟೋಗಳನ್ನು ನೋಡುತ್ತಿದ್ದರು. ಮುಖದಲ್ಲಿ ಬೆಳಕು. ಪ್ರದರ್ಶನದ ಮೊದಲ ಗೋಡೆಗೆ ಇದೇ ಎಂದರು. ನಾಲ್ಕು ಇಲಿ ಇನ್ನೂ ಉಳಿದಿವೆ ಎಂದರು.

"ಮಾರ್ಚಲ್ಲಿ ಮೊಟ್ಟೆ ಇಡುತ್ತೆ ಮೇಷ್ಟ್ರೇ," ಎಂದಳು ಮಿಸಾವೊ. ಕೈ ಮುಗಿದು ಕೇಳಿದಳು. "ಅಷ್ಟೊತ್ತಿಗಾದ್ರೂ ಎಲ್ಲರಿಗೂ ಬರ್ಬೇಡಿ ಅಂತ ಹೇಳಿ. ನಿಮ್ಮ ಮಾತು ಕೇಳ್ತಾರೆ."

"ಅಯ್ಯೋ, ಬರೋಕೇ ಶುರು ಮಾಡೋದು ಆಗ! ಮೊಟ್ಟೆ ಇಟ್ಟ ಮೇಲೆ ಅದು ಎಲ್ಲೂ ಹೋಗಲ್ಲಮ್ಮ. ಮೇ ತನಕ ನಮ್ಮ ಕೈಲೇ ಇರುತ್ತೆ. ಮರಿಗಳು ಇಣುಕೋದು ನೆನೆಸ್ಕೊಳ್ಳಿ."

"ಬೆದರಿ ಎದ್ದುಹೋದ್ರೆ?"

"ಹೋಗಲ್ಲ."

"ಹೋದ್ರೆ? ಮೊಟ್ಟೆ ಹೆಪ್ಪುಗಟ್ಟಿಹೋಗುತ್ತೆ. ನೀವೇ ಪಾಠ ಮಾಡಿದ್ರಿ."

ಮೇಷ್ಟ್ರು ಪರದೆಯಿಂದ ಕಣ್ಣೆತ್ತಲಿಲ್ಲ. "ಹಾಗಾದ್ರೆ ಅದೂ ಒಂದು ಫೋಟೋ. ಕಾಡಿನ ನಿಜ ತೋರಿಸ್ಬೇಕಲ್ಲ ಜನಕ್ಕೆ."

ಅದೇ ಮನುಷ್ಯ ನಲವತ್ತೈದು ವರ್ಷದ ಹಿಂದೆ ತರಗತಿಯಲ್ಲಿ ಗುಬ್ಬಿಯ ಮೊಟ್ಟೆಯೊಂದನ್ನು ದೀಪಕ್ಕೆ ಹಿಡಿದು ಒಳಗಿನ ಮಿಡಿತ ತೋರಿಸಿದ್ದರು; ಮಿಸಾವೊಗೆ ಹಕ್ಕಿಗಳ ಹುಚ್ಚು ಹತ್ತಿದ್ದು ಅವತ್ತು. ಈಗ ಅವರ ಕುತ್ತಿಗೆಯ ಮೇಲಿನ ಉಣ್ಣೆಯ ವಸ್ತ್ರ, ಅದರಲ್ಲಿ ಅಂಟಿದ್ದ ಬಿಸ್ಕತ್ತಿನ ಪುಡಿ, ಗುಂಡಿ ಒತ್ತುವ ಬೆರಳು, ಎಲ್ಲ ಅಸಹ್ಯವಾಗಿ ಕಂಡವು. ಇವರ ಕೈಯಿಂದ ಸಕೆ ಕುಡಿದ ತನ್ನ ಬಾಯಿಯೂ ಅಸಹ್ಯ ಅನ್ನಿಸಿತು.

ಆ ಮಧ್ಯಾಹ್ನ ಫುಮಿಯ ಅಡುಗೆಮನೆಯಲ್ಲಿ ಅವಳು ಏನೂ ತಿನ್ನದೆ ಕೂತು ಯೋಚಿಸಿದಳು. ಜನರನ್ನು ಓಡಿಸುವುದು ಆಗದ ಮಾತು. ಇಪ್ಪತ್ತೆಂಟರಲ್ಲಿ ಒಬ್ಬರೂ ಅವಳ ಮಾತು ಕೇಳುವವರಲ್ಲ. ಓಡಿಸಬಹುದಾದದ್ದು ಗೂಬೆಗಳನ್ನು ಮಾತ್ರ. ಹೊಳೆಯ ಆಚೆ, ರಸ್ತೆಯೇ ಇಲ್ಲದ ಕಡೆ, ಇನ್ನೊಂದು ಪೊಟರೆಯ ಮರ ಇತ್ತು. ಒಳ್ಳೆಯ ಪೊಟರೆ ಅಲ್ಲ, ಒಂದು ಬದಿ ಸೀಳಿ ಗಾಳಿ ನುಗ್ಗುತ್ತಿತ್ತು. ಗೂಬೆಗಳು ಅಲ್ಲಿಗೇ ಹೋಗುತ್ತವೆಂದು ಯಾರು ಹೇಳಿದರು? ಹೋಗದೆಯೂ ಇರಬಹುದು, ಈ ವರ್ಷ ಮೊಟ್ಟೆಯನ್ನೇ ಇಡದಿರಬಹುದು. ಆದರೆ ಮೊಟ್ಟೆ ಇಡಲು ಇನ್ನೂ ಐದು ವಾರ ಇತ್ತು. ಈಗ ಹೋದರೆ ಬರೀ ಹಕ್ಕಿಗಳು ಹೋಗುತ್ತವೆ. ಆಮೇಲೆ ಹೋದರೆ ಹಿಂದೆ ಮೊಟ್ಟೆಗಳನ್ನು ಬಿಟ್ಟು ಹೋಗುತ್ತವೆ.

"ನಿನ್ನ ಮುಖ ಯಾಕೆ ಹಿಂಗಾಗಿದೆ?" ಎಂದಳು ಫುಮಿ.

"ನಾಳೆ ಒಂದು ಹೊಲಸು ಕೆಲಸ ಇದೆ ಅಕ್ಕಾ."

"ಕಕ್ಕಸು ತೊಳೆಯೋದಕ್ಕಿಂತ ಹೊಲಸಾ?"

"ಹೌದು."

ಮರುದಿನ ರಸ್ತೆಗಳನ್ನೆಲ್ಲ ತಳ್ಳಿ ಮುಗಿಸಿ, ಬೆಳಕು ಹರಿಯುವ ಹೊತ್ತಿಗೆ ಅವಳು ಶಾಲೆಯ ಹಿಂದೆ ಗಾಡಿ ನಿಲ್ಲಿಸಿದಳು. ಗಾಡಿಯ ಅಲಗಿಗೆ ಅಂಟಿದ ಮಂಜುಗಡ್ಡೆ ಒಡೆಯುವ ಮರದ ಕೊಡತಿಯನ್ನು ಎತ್ತಿಕೊಂಡಳು. ಸೈಕಲ್ ನಿಲ್ದಾಣ ದಾಟಿ, ತಾನೇ ಕಟ್ಟಿದ ಹಗ್ಗ ದಾಟಿ, ಕಾಂಡದ ಬುಡಕ್ಕೆ ಹೋದಳು. ಅಷ್ಟು ಹತ್ತಿರ ಅವಳು ನಾಲ್ಕು ವರ್ಷದಲ್ಲಿ ನಿಂತಿರಲಿಲ್ಲ. ಗೂಬೆಗಳು ಆಗಷ್ಟೇ ಬಂದು ಕೂತಿದ್ದವು. ಹೆಣ್ಣಿನ ಎದೆಯ ಪುಕ್ಕ ಉಸಿರಿಗೆ ಉಬ್ಬಿ ಇಳಿಯುವುದು ಕಾಣುತ್ತಿತ್ತು.

ಮೊದಲ ಏಟು ಮೆಲ್ಲಗೆ ಬಿತ್ತು, ಕೈ ಏಳಲಿಲ್ಲ. ಗೂಬೆ ಕದಲಲಿಲ್ಲ. ಇಷ್ಟು ದಿನ ಇಷ್ಟು ಸದ್ದಿಗೆ ಅವು ಒಗ್ಗಿಹೋಗಿದ್ದವು. ಎರಡನೆಯ ಏಟಿಗೆ ಅವಳು ಎರಡೂ ಕೈ ಹಾಕಿದಳು. ಟೊಳ್ಳು ಕಾಂಡ ಢಂ ಎಂದಿತು. ಹೆಣ್ಣು ಕಣ್ಣು ಬಿಟ್ಟು ಕೆಳಗೆ ನೋಡಿತು. ಅವಳನ್ನೇ ನೋಡಿತು. ಪ್ರೀತಿ, ಗುರುತು, ಹಾಗೇನೂ ಆ ಕಣ್ಣುಗಳಲ್ಲಿ ಇರಲಿಲ್ಲ. ಮರಿ ಕದಿಯಲು ಮರವೇರುವ ಕಾಡುಬೆಕ್ಕನ್ನು ಕಂಡಂತೆ ಅವಳನ್ನು ಕಂಡಿತು. ಮಿಸಾವೊ ಮತ್ತೆ ಹೊಡೆದಳು. ಎರಡೂ ಹಾರಿದವು. ಪಕ್ಕದ ಮರದಲ್ಲಿ ಕೂತವು, ಅಲ್ಲಿಗೂ ಹೋಗಿ ಹೊಡೆದಳು. ಸುತ್ತಿ ಪೊಟರೆಗೇ ವಾಪಸು ಬಂದವು. ಅವಳು ಅಳುತ್ತ, ಬಾಯಿಗೆ ಬಂದಂತೆ ಬೈಯುತ್ತ, ಅಂಗೈ ಮರಗಟ್ಟುವವರೆಗೂ ಆ ಕಾಂಡವನ್ನು ಬಡಿದಳು. ಕಾಗೆಗಳು ಎದ್ದು ಗೂಬೆಗಳನ್ನು ಅಟ್ಟಿಸಿಕೊಂಡು ಬಂದವು. ಕೊನೆಗೆ ಜೋಡಿ ಹೊಲದ ಮೇಲೆ ತಗ್ಗಿ ಹಾರುತ್ತ ಕಣ್ಮರೆಯಾಯಿತು. ಹೊಳೆಯ ದಿಕ್ಕಿಗೇ ಹೋದವೋ ಇಲ್ಲವೋ, ಅವಳಿಗೆ ಹೇಳಲಾಗಲಿಲ್ಲ.

ಎಂಟಕ್ಕೆ ಕಾರುಗಳು ಬಂದವು. ಪೊಟರೆ ಖಾಲಿ. ಟ್ರೈಪಾಡು ಬಿಡಿಸುತ್ತಿದ್ದವರು ಹಾಗೇ ನಿಂತರು. ತೊಕುಜಿ ಇಲಿಯ ಡಬ್ಬಿ ಹಿಡಿದುಕೊಂಡೇ ಮರದ ಸುತ್ತ ಒಂದು ಸುತ್ತು ಬಂದು, ಕಾಂಡದ ಸುಲಿದ ತೊಗಟೆಯನ್ನು ಮುಟ್ಟಿ ನೋಡಿದ.

"ಯಾರೋ ಮರಕ್ಕೆ ಹೊಡೆದಿದಾರೆ ಮೇಷ್ಟ್ರೇ!"

"ನಾನೇ," ಎಂದಳು ಮಿಸಾವೊ. ಕೊಡತಿ ಅವಳ ಕೈಯಲ್ಲೇ ಇತ್ತು. "ಓಡಿಸಿದೆ."

ಎಲ್ಲರೂ ಒಟ್ಟಿಗೆ ಮಾತಾಡಿದರು. ಸಪ್ಪೊರೊದವಳು "ಛೀ" ಎಂದು ಮುಖ ತಿರುಗಿಸಿದಳು. ಹಕ್ಕಿಯ ಮನೆ ಹಾಳು ಮಾಡಿದವಳು, ಬಸುರಿ ಹಕ್ಕಿಯನ್ನು ಬೀದಿಗೆ ತಳ್ಳಿದವಳು ಎಂದರು. ಇಂಥವಳು ಸಂಘದಲ್ಲಿ ಇರಬಾರದು ಎಂದರು. ಅವರು ಹೇಳುತ್ತಿದ್ದುದರಲ್ಲಿ ಸುಳ್ಳು ಏನೂ ಇರಲಿಲ್ಲ.

ಕಮೋದಾ ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನಾಲ್ಕು ವರ್ಷ ನೋಡ್ಕೊಂಡ ಹಕ್ಕಿಗಳು ಮಿಸಾವೊ. ಕೈಯಾರೆ ಹೀಗೆ ಬಡಿದು ಓಡಿಸೋಕೆ ನಿಮಗೆ ಹೇಸಿಗೆ ಆಗ್ಲಿಲ್ವಾ?"

"ಆಯ್ತು ಮೇಷ್ಟ್ರೇ," ಎಂದಳು ಅವಳು. "ಈಗಲೂ ಆಗ್ತಿದೆ. ಸಂಜೆ ಹೊತ್ತಿಗೆ ವಾಪಸ್ ಬಂದ್ರೂ ಬರ್ತಾವೆ. ನಾಳೆ ಬೆಳಿಗ್ಗೇನೂ ಬಂದು ಹೊಡೀತೀನಿ."